ಕಚಗುಳಿಯ ಊರಿನಲ್ಲಿ ಅಗುಳಿ

ಇಂಥ ಕಥೆಯನ್ನು ಗಾದೆಯಿಂದ ಶುರು ಮಾಡುವುದು ವಾಡಿಕೆ. ನನ್ನ ಬಾಯಿಗೆ ಸಿಕ್ಕ ಗಾದೆ ಕೈಕಾಲು ಮುರಿದುಕೊಳ್ಳದೆ ಹೊರಗೆ ಬಂದದ್ದೇ ಇಲ್ಲ, ಆದ್ದರಿಂದ ಪಾಪ ಅದನ್ನು ಮನೆಯಲ್ಲೇ ಮಲಗಿಸಿ ಬಂದಿದ್ದೇನೆ. ಕಥೆ ಮಾತ್ರ ನಡೆದದ್ದು. ನಂಬದವರು ನಮ್ಮೂರಿಗೆ ಬಂದು ಟ್ರಿಫಿ ಅತ್ತೆಯ ಹಳೇ ಮನೆಯ ಅಡುಗೆಮನೆ ಬಾಗಿಲು ನೋಡಬಹುದು. ಅಗುಳಿ ಇದ್ದ ಜಾಗದಲ್ಲಿ ಇಂದಿಗೂ ನಾಲ್ಕು ತೂತುಗಳಿವೆ.

ನಮ್ಮೂರಿನ ಹೆಸರು ಸ್ನೂಕ್ಸ್ ಟಿಕಲ್. ನ್ಯೂಫೌಂಡ್‌ಲ್ಯಾಂಡಿನ ನಮಗೆ ಟಿಕಲ್ ಎಂದರೆ ಎರಡು ದಡಗಳ ನಡುವೆ ದೋಣಿ ನುಸುಳುವಷ್ಟು ನೀರು. ಹೊರಗಿನವರಿಗೆ ಅದು ಕಚಗುಳಿ. ನಾವು ತಿದ್ದಲು ಹೋಗುವುದಿಲ್ಲ. ನಾನು ಗಿಡಿಯನ್ ವಾರ್ಡಿ. ಊರವರು ಗಿಡ್ ಎನ್ನುತ್ತಾರೆ. ನನ್ನ ಎತ್ತರ ನೋಡಿದ ಮೇಲೆ ನೀವು ಗಿಡ್ಡ ಎಂದರೂ ಓಗೊಡುತ್ತೇನೆ. ಸೇಂಟ್ ಜಾನ್ಸಿನ ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ಐದು ಜನ ಮೇಷ್ಟರ ದನಿಗಳನ್ನು ಚೆನ್ನಾಗಿ ಕಲಿತುಕೊಂಡು ವಾಪಸು ಬಂದೆ. ಮಕ್ಕಳಿಲ್ಲದೆ ಮುಚ್ಚಿಹೋದ ನಮ್ಮ ಶಾಲೆಯಲ್ಲಿ ಎಂಟು ಹಾಸಿಗೆ ಹಾಕಿ ಹಾಸ್ಟೆಲ್ ನಡೆಸುತ್ತಿದ್ದೇನೆ. ರಸ್ತೆಯ ಆಚೆಗೆ ಟ್ರಿಫಿ ಅತ್ತೆಯ ಹಳೇ ಮನೆ. ಅತ್ತೆ ಈಗ ತಂಗಿ ಮೆಲ್ವಿನಾ ಜೊತೆ ಗುಡ್ಡದ ಮೇಲಿದ್ದಾಳೆ, ಈ ಮನೆಯನ್ನು ಪ್ರವಾಸಿಗಳಿಗೆ ಇಡಿಯಾಗಿ ಬಾಡಿಗೆಗೆ ಬಿಡುತ್ತಾಳೆ. ಅತ್ತೆ ಎಂದೆನೆಂದು ನೆಂಟಸ್ತಿಕೆ ಹುಡುಕಬೇಡಿ. ಅರವತ್ತು ದಾಟಿದ ಹೆಂಗಸರೆಲ್ಲ ನಮಗೆ ಅತ್ತೆಯರೇ, ಗಂಡಸರೆಲ್ಲ ಮಾವಂದಿರೇ.

ಆ ವರ್ಷ ನವೆಂಬರಿನಲ್ಲಿ ಸಸ್ಕಟೂನಿನಿಂದ ಒಂದು ಮಿಂಚಂಚೆ ಬಂತು. ಲಾರ್ನ್ ಹಾವರ್‌ಕ್ಯಾಂಪ್ ಎಂಬವರದು. ಜನರ ಜೊತೆ ಬೆರೆಯಲು ಹಾಸ್ಟೆಲ್ ಒಳ್ಳೆಯದೋ ಬಾಡಿಗೆ ಮನೆ ಒಳ್ಳೆಯದೋ, ದಯವಿಟ್ಟು ಕಾರಣಸಹಿತ ತಿಳಿಸಿ ಎಂದು ಕೇಳಿದ್ದರು. ಇದೇ ಪ್ರಶ್ನೆ ಅತ್ತೆಗೂ ಹೋಗಿತ್ತು. ನಾನು ಬರೆದೆ: ಹಾಸ್ಟೆಲಿನಲ್ಲಿ ಮಲಗಲು ಹಾಸೂ ಉಂಟು, ಮಾತಿಗೆ ಟೆಲ್ಲೂ ಉಂಟು, ಬಾಡಿಗೆ ಮನೆಗೆ ಹೋದರೆ ಒಬ್ಬರೇ ಕೂತು ಬಾಡಿಹೋಗುತ್ತೀರಿ. ಅತ್ತೆ ಬರೆದದ್ದು ಒಂದೇ ಸಾಲು: "ಬನ್ನಿ, ನೀರು ಒಲೆ ಮೇಲಿದೆ." ಪ್ರಶ್ನೆಗೆ ಉತ್ತರವೇ ಇಲ್ಲದ ಈ ಉತ್ತರ ಅವರಿಗೆ ಬಹಳ ಅನುಮಾನಾಸ್ಪದವಾಗಿ ಕಂಡಿತಂತೆ. ನನ್ನಲ್ಲಿಗೇ ಬಂದರು.

ಕ್ರಿಸ್ಮಸ್ ಕಳೆದ ಎರಡನೇ ದಿನ ನಮ್ಮೂರ ಆಂಬ್ರೋಸನ ಟ್ಯಾಕ್ಸಿಯಿಂದ ಇಳಿದರು. ಆರಡಿ ಆಳು, ಮೂರು ಬೀಗ ಹಾಕಿದ ಚೀಲ, ಕೆಂಪು ಲೇಸಿನ ಹಳದಿ ಬೂಟು. ಒಳಗೆ ಬಂದವರು ನನಗೆ ಕೈ ಕೊಡುವ ಮೊದಲು ಗೋಡೆಯ ಮೇಲಿನ ಬೆಂಕಿ ಆರಿಸುವ ಸಿಲಿಂಡರಿನ ಹತ್ತಿರ ಹೋಗಿ ಅದರ ತಾರೀಖು ಓದಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಪುಟ್ಟ ಪುಸ್ತಕದಲ್ಲಿ ಗೀಚಿದರು. ನಾನು ನೋಡುತ್ತಿರುವುದನ್ನು ಕಂಡು, "ನಾನು ಆರೋಪ ಮಾಡ್ತಿಲ್ಲ. ಬರ್ಕೊಳ್ತಿದ್ದೀನಿ, ಅಷ್ಟೆ," ಎಂದರು. ಕಬ್ಬಿಣದ ಬೀರುವಿನ ಖಾನೆ ಎಳೆದ ಹಾಗಿನ ದನಿ. ಅದೇ ಗಳಿಗೆಯಲ್ಲಿ ಆ ದನಿಯ ಮೇಲೆ ನನಗೆ ಆಸೆಯಾಯಿತು. ಅವರು ಕೋಣೆಗೆ ಹೋದ ಮೇಲೆ ಬಚ್ಚಲಲ್ಲಿ ನಿಂತು ಹತ್ತು ಸಲ ಹೇಳಿಕೊಂಡೆ: ಬರ್ಕೊಳ್ತಿದ್ದೀನಿ, ಅಷ್ಟೆ.

ಇಪ್ಪತ್ತೊಂಬತ್ತು ವರ್ಷ ಅವರು ಒಂದು ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸದಲ್ಲಿದ್ದವರು. ಕುಂಟುತ್ತಾ ಬಂದವನು ಮೂಲೆ ತಿರುಗಿದ ಮೇಲೆ ಓಡಿದನೇ ಎಂದು ಕಾರಿನಲ್ಲಿ ಕೂತು ಕಾಯುವುದು. ನಿವೃತ್ತರಾದ ಮೇಲೆ ಕಾಯಲು ಯಾರೂ ಇರಲಿಲ್ಲ. ಹೆಂಡತಿ ಮೊದಲೇ ಬಿಟ್ಟು ಹೋಗಿದ್ದರು. ಅವರ ಹುಟ್ಟುಹಬ್ಬದ ದಿನ ಮಗಳು ಟ್ರೂಡಿ ಮನೆಗೆ ಬಂದಾಗ ಅಪ್ಪ ಬ್ಯಾಂಕಿನ ಫೋನಿನ ಯಂತ್ರದ ದನಿಗೆ "ನೀವು ಹೇಗಿದ್ದೀರಿ" ಎಂದು ಕೇಳುತ್ತಿದ್ದರಂತೆ. ಅದಾದ ಮೇಲೆ ಅವಳು ರಿಜೈನಾದ ತನ್ನ ಮನೆಯ ನೆಲಮಾಳಿಗೆಯಲ್ಲಿ ಅವರಿಗೊಂದು ಕೋಣೆ ತಯಾರು ಮಾಡಿಸಿದಳು. ಅವರು ಒಲ್ಲೆ ಎಂದರು. ಕೊನೆಗೆ ಒಂದು ಒಪ್ಪಂದವಾಯಿತು. ಜನ ಇರುವ ಕಡೆ ಹೋಗಬೇಕು. ಜನವರಿ ಆರರೊಳಗೆ, ಅಂದರೆ ನಾವು ಹಳೇ ಕ್ರಿಸ್ಮಸ್ ಎನ್ನುವ ದಿನದೊಳಗೆ, ಒಂದೇ ಮೇಜಿನಲ್ಲಿ ಕೂತು ಜೊತೆಗೆ ತಿಂದ ಏಳು ಜನರ ಪೂರ್ತಿ ಹೆಸರು ಹೇಳಬೇಕು. ಹೇಳಿದರೆ ಅವರ ಮನೆ ಅವರಿಗೆ. ಇಲ್ಲದಿದ್ದರೆ ನೆಲಮಾಳಿಗೆ.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಹಾಸ್ಟೆಲಿಗೆ ಎರಡನೇ ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸುವ ಸಂದರ್ಭದಲ್ಲಿ. "ಅವಳು ಒಬ್ಬೊಬ್ಬರನ್ನೂ ವಿಚಾರಿಸ್ತಾಳೆ. ನನ್ನ ಮಗಳಲ್ವೇ," ಎಂದರು, ಹೆಮ್ಮೆಯೂ ಭಯವೂ ಸಮಸಮ ಬೆರೆತು.

ಆ ವಾರ ಹಾಸ್ಟೆಲಿನಲ್ಲಿ ಇದ್ದವರು ನಾಲ್ವರು: ಹಿಮದಲ್ಲಿ ಕಡಲ ದಾರಿ ನಡೆಯಲು ಬಂದ ಕ್ವಿಬೆಕ್ಕಿನ ಒಬ್ಬ ಗಡ್ಡಧಾರಿ, ಒಬ್ಬ ಜರ್ಮನ್ ಹುಡುಗಿ, ಮತ್ತು ತಮ್ಮಲ್ಲೇ ಪಿಸುಗುಡುವ ಹ್ಯಾಲಿಫ್ಯಾಕ್ಸಿನ ಜೋಡಿ. ಎಲ್ಲರ ಕಿವಿಯಲ್ಲೂ ಹಾಡು ಕೇಳುವ ಬಿರಡೆ. ಹಾಸು ಇತ್ತು, ಟೆಲ್ ಇರಲಿಲ್ಲ. ಒಬ್ಬರು ಬೇಯಿಸಿಕೊಂಡು ಎದ್ದ ಮೇಲೆ ಇನ್ನೊಬ್ಬರು ಬಂದು ಬೇಯಿಸಿಕೊಳ್ಳುವುದು. ಆದರೆ ಫ್ರಿಜ್ಜಿನಲ್ಲಿಟ್ಟ ಪ್ರತಿ ಡಬ್ಬಿಗೂ ಹೆಸರು ಅಂಟಿಸಬೇಕೆಂಬ ನಿಯಮವನ್ನು ಎಲ್ಲರೂ ಪಾಲಿಸುತ್ತಿದ್ದರು. ಲಾರ್ನ್ ಒಂದೊಂದು ಮೊಟ್ಟೆಯ ಮೇಲೂ ತಮ್ಮ ಹೆಸರು ಬರೆದಿಟ್ಟರು. ಅವರ ಚೀಸು ಎರಡನೇ ದಿನಕ್ಕೆ ಒಂದು ಬೆರಳಷ್ಟು ಕುಗ್ಗಿತ್ತು. ಅಳತೆಪಟ್ಟಿ ಹಿಡಿದು ನನಗೆ ತೋರಿಸಿದರು. ಯಾರ ಮೇಲೂ ಆರೋಪ ಮಾಡಲಿಲ್ಲ. ಚೀಸು ತಿಂದದ್ದು ನಾನು ಎಂದು ಇಲ್ಲಿ ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಿದ್ದೇನೆ.

ರಾತ್ರಿಯೆಲ್ಲ ಚೀಲವನ್ನು ತಲೆಯ ಕೆಳಗಿಟ್ಟು, ಮೇಲಿನ ಹಾಸಿಗೆ ಕಿರುಗುಟ್ಟಿದಾಗಲೆಲ್ಲ ಟಾರ್ಚು ಹಾಕುತ್ತಿದ್ದರು. ಅವರಿಗೆ ಶಯನಕ್ಕಿಂತ ಸಂಶಯವೇ ಹೆಚ್ಚಾಯಿತು.

ಮೂರನೇ ದಿನ ಧೈರ್ಯ ಮಾಡಿ ಗಡ್ಡದವನ ಎದುರು ತಟ್ಟೆ ಹಿಡಿದು ಕೂತರು. ಹೆಸರು ಕೇಳಿದರು. ಅವನು ಒಂದು ಕಿವಿಯ ಬಿರಡೆ ತೆಗೆದು, "ಪಾರ್ದೋ?" ಎಂದ. ಅವನ ಫ್ರೆಂಚಿನಲ್ಲಿ ಹಾಗೆಂದರೆ 'ಏನಂದಿರಿ' ಎಂದು. ಲಾರ್ನ್ ಬರೆದುಕೊಂಡರು: ಪಾರ್ದೋ. ಪೂರ್ತಿ ಹೆಸರು ಎಂದರು. ಅವನು ಇನ್ನೊಂದು ಬಿರಡೆಯನ್ನೂ ತೆಗೆದು ಮತ್ತೆ ಅದನ್ನೇ ಕೇಳಿದ. ಪುಸ್ತಕದಲ್ಲಿ 'ಪಾರ್ದೋ ಪಾರ್ದೋ' ಎಂದಾಯಿತು. ಅರ್ಧ ಗಂಟೆಯ ನಂತರ ನನ್ನ ಬಳಿಗೆ ಬಂದು ದನಿ ತಗ್ಗಿಸಿದರು.

"ವಾರ್ಡಿಯವರೇ, ನಿಮ್ಮಲ್ಲಿ ಕಳ್ಳತನ ನಡೀತಿದೆ. ಆ ಪಾರ್ದೋ ಅನ್ನೋ ಮನುಷ್ಯ ರೋಸೇರ್ ಗಾನ್ಯೋ ಅನ್ನೋರ ಮೊಸರು ತಿಂತಿದಾನೆ. ಡಬ್ಬಿ ಮೇಲೆ ಹೆಸರಿದೆ. ನಾನೇ ನೋಡಿದೆ."

ರೋಸೇರ್ ಗಾನ್ಯೋ ತನ್ನ ಮೊಸರನ್ನು ತಾನೇ ತಿನ್ನುತ್ತಿದ್ದ. ಅದನ್ನು ಹೇಳಲು ನಾನು ಬಾಯಿ ತೆರೆದೆ. ಮಾತಾಡಿದರೆ ನಗು ಬರುತ್ತದೆಂದು ಮುಚ್ಚಿಕೊಂಡೆ. ನನ್ನ ಮೌನ ಅವರಿಗೆ ಸಾಕ್ಷಿಯಾಯಿತು: ಮಾಲೀಕನೂ ಶಾಮೀಲು. ಡಿಸೆಂಬರ್ ಮೂವತ್ತರ ಮಧ್ಯಾಹ್ನ ಚೀಲ ಎತ್ತಿಕೊಂಡು ರಸ್ತೆ ದಾಟಿ ಟ್ರಿಫಿ ಅತ್ತೆಯ ಮನೆ ಸೇರಿದರು. ಪಟ್ಟಿಯಲ್ಲಿ ಒಂದು ಹೆಸರು, ಅದೂ ಸುಳ್ಳು.

ಅತ್ತೆಯ ಮನೆಗೆ ಮುಂಬಾಗಿಲಿದೆ, ಮೆಟ್ಟಿಲಿಲ್ಲ. ಬಾಗಿಲು ನೆಲದಿಂದ ಮೂರಡಿ ಮೇಲೆ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಅದನ್ನು ಯಾರೂ ಬಳಸುವುದಿಲ್ಲ, ಹಾಗಾಗಿ ಯಾರೂ ಮೆಟ್ಟಿಲು ಕಟ್ಟುವುದಿಲ್ಲ. ಲಾರ್ನ್ ಅದರ ಫೋಟೋ ತೆಗೆದುಕೊಂಡರು, ನಾಲ್ಕು ಕೋನದಿಂದ. ಆಮೇಲೆ ಹಿಂದಿನ ಅಡುಗೆಮನೆ ಬಾಗಿಲಿಗೆ ಹೋಗಿ, ಅತ್ತೆಯ ಅಜ್ಜನ ಕಾಲದಿಂದ ಯಾರೂ ಎಳೆಯದ ಅಗುಳಿಯನ್ನು ಎಣ್ಣೆ ಬಿಟ್ಟು ಎಳೆದು, ಮೂರು ಸಲ ಅಲುಗಾಡಿಸಿ ನೋಡಿ, ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ಮರುದಿನ ಬೆಳಗ್ಗೆ ಎಫ್ ಮಾವ ಎಂದಿನ ಹಾಗೆ ಬಂದ. ಎಫ್ರಾಯಿಂ ಸ್ನೂಕ್, ಎಪ್ಪತ್ತಾರು ವರ್ಷ. ಆ ಅಡುಗೆಮನೆಯಲ್ಲಿ ನಲವತ್ತು ವರ್ಷದಿಂದ ಬೆಳಗಿನ ಚಹಾ ಕುಡಿದವನು. ಅಲ್ಲಿ ಬಾಡಿಗೆಯವರಿದ್ದಾರೋ ಮನೆಯವರಿದ್ದಾರೋ ಎಂಬುದು ಅವನಿಗೆ ಸಂಬಂಧಿಸಿದ ವಿಷಯವಲ್ಲ. ಭುಜದಿಂದ ಬಾಗಿಲು ತಳ್ಳಿದ. ಬಾಗಿಲು ಅವನನ್ನೇ ತಳ್ಳಿತು. ಭುಜ ಉಜ್ಜಿಕೊಳ್ಳುತ್ತಾ ನನ್ನ ಹತ್ತಿರ ಬಂದು ಕೂತ.

"ಒಳಗಿಂದ ಅಗುಳಿ ಹಾಕ್ಕೊಂಡಿದಾನೆ ಮಗಾ."

"ಭಯ ಇರ್ಬೇಕು ಮಾವ."

"ಭಯ ಇದ್ದೋನು ಹೊರಗೆ ಬರ್ತಾನೆ. ಬಚ್ಚಿಡೋದಿದ್ದೋನು ಒಳಗಿರ್ತಾನೆ."

ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಮೂರು ಅಭಿಪ್ರಾಯಗಳಿದ್ದವು. ಎಫ್ ಮಾವನ ಹೆಂಡತಿ ಬ್ಲಾಂಚ್ ಅತ್ತೆಯ ಪ್ರಕಾರ ಅವನು ಮೀನುಗಾರಿಕೆ ಇಲಾಖೆಯವನು. ಆಂಬ್ರೋಸನ ಪ್ರಕಾರ ಹೆಂಡತಿಯನ್ನು ಕೊಂದು ತಲೆಮರೆಸಿಕೊಂಡವನು. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಕಿಲೋಮೀಟರ್ ಬರೆದುಕೊಂಡದ್ದು ಸಾಕ್ಷಿ. ಮೆಲ್ವಿನಾ ಅತ್ತೆ ಮಾತ್ರ, ಪಾಪ, ಅವನಿಗೆ ಹೊಟ್ಟೆ ಸರಿ ಇಲ್ಲದಿರಬಹುದು ಎಂದಳು.

ಇದೇ ಹೊತ್ತಿಗೆ ಲಾರ್ನ್, ಜನ ಬರುವುದಿಲ್ಲವಾದರೆ ತಾವೇ ಹೋಗಬೇಕು ಎಂದು ನಿಶ್ಚಯಿಸಿ, ಕೋಟು ತೊಟ್ಟು, ಪುಸ್ತಕ ಹಿಡಿದು, ಸಭ್ಯರ ಹಾಗೆ ಮನೆಮನೆಯ ಮುಂಬಾಗಿಲು ತಟ್ಟುತ್ತಾ ಬಂದರು. ಮೆಟ್ಟಿಲಿಲ್ಲದ ಕಡೆ ಕೈ ಎತ್ತಿ ತಟ್ಟಿದರು. ನಮ್ಮೂರಿನಲ್ಲಿ ಬಾಗಿಲು ತಟ್ಟುವವರು ಮೂರೇ ಬಗೆ: ಪೊಲೀಸರು, ಸಾವಿನ ಸುದ್ದಿ ತಂದ ಪಾದ್ರಿ, ಮತ್ತು ಸರ್ಕಾರದ ಸಮೀಕ್ಷೆಯವರು. ಉಳಿದವರು ಹಿಂದಿನಿಂದ ನೇರ ಒಳಗೆ ಬರುತ್ತಾರೆ. ಎಫ್ ಮಾವ ರೇಡಿಯೋ ಆರಿಸಿದ. ಬ್ಲಾಂಚ್ ಅತ್ತೆ ಒಲೆಯ ಹಿಂದೆ ಕುಕ್ಕರಿಸಿದಳು. ಹೊರಗೆ ಲಾರ್ನ್ ನಾಲ್ಕು ನಿಮಿಷ ನಿಂತು ಬರೆದುಕೊಂಡರು: ಒಳಗೆ ಚಲನೆ ಇದೆ, ಗಂಡಸಿನ ಕೆಮ್ಮು, ಉತ್ತರವಿಲ್ಲ.

ಏಳು ಮನೆ ತಟ್ಟಿ, ಮೂಗು ಕೆಂಪಗೆ ಮಾಡಿಕೊಂಡು ನನ್ನಲ್ಲಿಗೆ ಬಂದರು. ಈ ಊರಿನವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದರು. ಆಗ ನಾನು ಸತ್ಯ ಹೇಳಬೇಕಿತ್ತು. "ಇನ್ನೂ ಸ್ವಲ್ಪ ಜೋರಾಗಿ ತಟ್ಟಿ ಸಾರ್," ಎಂದೆ.

ಹೊಸ ವರ್ಷದ ದಿನ ಟ್ರಿಫಿ ಅತ್ತೆ ಸ್ಕ್ರೂಡ್ರೈವರ್ ಹಿಡಿದು ಗುಡ್ಡ ಇಳಿದಳು. ಕಿಟಕಿಯಲ್ಲಿ ಮುಖ ತೋರಿಸಿ, "ಬಾಗಿಲು ತೆಗಿ ನನ್ನ ಬಾತುಮರಿ," ಎಂದಳು. ಅವಳಿಗೆ ಪ್ರಪಂಚದಲ್ಲಿ ಎಲ್ಲರೂ ಬಾತುಮರಿಗಳೇ, ಬಿಷಪ್ಪರನ್ನೂ ಬಿಟ್ಟಿಲ್ಲ. ಒಳಗೆ ಬಂದು, ಅಗುಳಿ ತುಕ್ಕು ಹಿಡಿದಿದೆ, ಸರಿ ಮಾಡಿಸಿ ತರುತ್ತೇನೆ ಎಂದು ನಾಲ್ಕು ತಿರುಪು ಬಿಚ್ಚಿ, ಅಗುಳಿಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು ಹೋದಳು. ಅದು ಇಂದಿಗೂ ಸರಿಯಾಗಿ ಬಂದಿಲ್ಲ. ಲಾರ್ನ್ ಬರೆದುಕೊಂಡರು: ಮನೆಯ ಮಾಲೀಕಳೇ ಅಗುಳಿ ಕಳಚಿದ್ದಾಳೆ. ಉದ್ದೇಶ?

ಮರುದಿನ ಬೆಳಗ್ಗೆ ಅವರು ಮಹಡಿಯಿಂದ ಇಳಿದಾಗ ಎಫ್ ಮಾವ ಅವರ ಮೇಜಿನಲ್ಲಿ ಕೂತು ಅವರದೇ ಬಟ್ಟಲಿನಲ್ಲಿ ಡಬ್ಬಿ ಹಾಲಿನ ಚಹಾ ಕುಡಿಯುತ್ತಿದ್ದ. "ನಿನಗೂ ಬಸಿದಿದೀನಿ ದೊರೆ," ಎಂದ. ಹೆಸರು ಹೇಳಲಿಲ್ಲ. ಹತ್ತು ಗಂಟೆಗೆ ಬ್ಲಾಂಚ್ ಅತ್ತೆ ಬ್ರೆಡ್ಡು ತಂದಳು, ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂತಳು. ಆಮೇಲೆ ಆಂಬ್ರೋಸ್, ಜೇಬಿನಲ್ಲಿ ಬೀಗದ ಕೈ ಆಡಿಸುತ್ತಾ. ಸಂಜೆ ಟ್ರಿಫಿ ಅತ್ತೆ, ಅವಳ ಹಿಂದೆ ಪೆಪ್ಪರ್‌ಮಿಂಟ್ ಚೀಪುವ ಮೆಲ್ವಿನಾ ಅತ್ತೆ. ಯಾರೂ ತಟ್ಟಲಿಲ್ಲ, ಯಾರೂ ಹೆಸರು ಹೇಳಲಿಲ್ಲ. ಹುಟ್ಟಿದಾಗಿನಿಂದ ಎಲ್ಲರಿಗೂ ಗೊತ್ತಿರುವ ಹೆಸರನ್ನು ಹೇಳುವ ಅಭ್ಯಾಸ ನಮಗೆಲ್ಲಿಂದ ಬರಬೇಕು? ಪರಸ್ಪರ ಕರೆಯುವುದೂ ಮಾವ, ಅತ್ತೆ, ಮಗಾ ಎಂದೇ.

ಹಾಸ್ಟೆಲಿನಲ್ಲಿ ಹೆಸರುಗಳಿದ್ದವು, ಮನುಷ್ಯರಿರಲಿಲ್ಲ. ಈ ಮನೆಯಲ್ಲಿ ಮೇಜಿನ ತುಂಬ ಮನುಷ್ಯರು, ಒಂದೂ ಹೆಸರಿಲ್ಲ. ಕೇಳಬಹುದಲ್ಲ ಸಾರ್ ಎಂದೆ. ಲಾರ್ನ್ ನನ್ನನ್ನು ಮಗುವಿನ ಹಾಗೆ ನೋಡಿದರು.

"ಹೆಸರು ಕೇಳಿದ ತಕ್ಷಣ ಅವನ ಮೇಲೆ ಅನುಮಾನ ಇದೆ ಅಂತ ಅವನಿಗೇ ಗೊತ್ತಾಗಿಬಿಡುತ್ತೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬನನ್ನೂ ನಾನು ಮುಖಕ್ಕೆ ಕೇಳಿಲ್ಲ. ಇಲ್ಲಿ ಬಂದು ಪಾರ್ದೋನನ್ನ ಕೇಳಿದೆ, ಅವನು ಕಳ್ಳ ಅಂತಾಯ್ತು."

ಬದಲಿಗೆ ಪತ್ತೇದಾರಿಕೆ ಮಾಡಿದರು. ಚರ್ಚಿನ ಸಭಾಂಗಣದಲ್ಲಿ ತೂಗುಹಾಕಿದ ಫೋಟೋಗಳು, ಅಂಚೆ ಪೆಟ್ಟಿಗೆಗಳ ಸಾಲು, ಸ್ಮಶಾನದಲ್ಲಿ ಎಫ್ ಮಾವ ಅಗ್ಗಕ್ಕೆ ಸಿಕ್ಕಿತೆಂದು ಮುಂಚಿತವಾಗಿ ತನ್ನದೂ ಹೆಂಡತಿಯದೂ ಹೆಸರು ಕೆತ್ತಿಸಿಟ್ಟ ಕಲ್ಲು. ಪುಸ್ತಕದಲ್ಲಿ ಎಡಕ್ಕೆ ಗುರುತು, ಬಲಕ್ಕೆ ಹೆಸರು, ಮುಂದೆ ಪ್ರಶ್ನಾರ್ಥಕ ಚಿಹ್ನೆ. 'ಎಡಗಾಲಿನ ಬೂಟಿಗೆ ಸೈಕಲ್ ಟ್ಯೂಬಿನ ತೇಪೆ, ನಡೆದರೆ ಕೀಚ್ ಎನ್ನುತ್ತದೆ, ದಿನಕ್ಕೆ ಎರಡು ಬಿಸ್ಕತ್ತು: ಎಫ್ರಾಯಿಂ ಸ್ನೂಕ್?' ಹೀಗೆ. ಟ್ರೂಡಿಗೆ ಪ್ರಶ್ನಾರ್ಥಕ ಚಿಹ್ನೆ ನಡೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಜನವರಿ ಆರು ಬಂತು. ಕ್ರಿಸ್ಮಸ್ಸಿನಿಂದ ಅಂದಿನವರೆಗೆ ನಮ್ಮಲ್ಲಿ ವೇಷದ ಕಾಲ. ಗಂಡಸರು ಸ್ಕರ್ಟು ತೊಟ್ಟು, ಹೆಂಗಸರು ದೋಣಿಯ ಮಳೆಯಂಗಿ ತೊಟ್ಟು, ಮುಖಕ್ಕೆ ದಿಂಬಿನ ಚೀಲವನ್ನೋ ಕಿಟಕಿಯ ಪರದೆಯನ್ನೋ ಇಳಿಬಿಟ್ಟು, ಸಂಜೆ ಮನೆಮನೆಗೆ ಹೋಗುವುದು. ಗುರುತು ಸಿಗಬಾರದೆಂದು ಉಸಿರು ಒಳಕ್ಕೆಳೆಯುತ್ತಾ ಮಾತಾಡುವುದು. ಮನೆಯವರು ಯಾರೆಂದು ಹೆಸರು ಹಿಡಿಯಬೇಕು. ಸರಿಯಾಗಿ ಹಿಡಿದರೆ ಮುಸುಕು ತೆಗೆದು, ಮೇಜಿಗೆ ಕೂತು, ಹಣ್ಣಿನ ಕೇಕು ತಿಂದು ಕೆಂಪು ಶರಬತ್ತು ಕುಡಿಯಬೇಕು. ಇವರನ್ನು ಮಮ್ಮರು ಎನ್ನುತ್ತಾರೆ. ನನ್ನ ಕಿವಿಗೆ ಅದು ಯಾವತ್ತೂ ನಮ್ಮೋರು ಎಂದೇ ಕೇಳಿಸಿದೆ.

ಅಗುಳಿ ಹಾಕುವ ಮನೆಗೆ ನಮ್ಮೋರು ಹೋಗುವುದಿಲ್ಲ. ಈಗ ಅಗುಳಿ ಇಲ್ಲವಾದ್ದರಿಂದ ಕೊನೆಯ ಸಂಜೆ ಅಲ್ಲಿಗೆ ಹೋಗೋಣ ಎಂದು ನಾನೇ ಎಲ್ಲರನ್ನೂ ಹುರಿದುಂಬಿಸಿದೆ. ನನಗೊಂದು ವೇಷ ಹೊಳೆದಿತ್ತು. ಅದಕ್ಕೆ ಒಂದು ಸಾಮಾನು ಬೇಕಿತ್ತು. ಬೆಳಗ್ಗೆ ಲಾರ್ನ್ ಸ್ನಾನಕ್ಕೆ ಹೋದಾಗ ಬಾಗಿಲು ತಳ್ಳಿ ಒಳಗೆ ಹೋಗಿ, ಕೆಂಪು ಲೇಸಿನ ಹಳದಿ ಬೂಟು ಎತ್ತಿಕೊಂಡು ಬಂದೆ.

ಹತ್ತು ಗಂಟೆಗೆ ಅವರು ಹಾಸ್ಟೆಲಿಗೆ ಬಂದರು. ಮನೆಯೊಳಗಿನ ಚಪ್ಪಲಿ, ಅದರ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಹಿಮ. ನನ್ನ ಎದುರು ನಿಂತು ಏನನ್ನೂ ಬರೆದುಕೊಳ್ಳಲಿಲ್ಲ. ಪುಸ್ತಕವೇ ಕೈಯಲ್ಲಿರಲಿಲ್ಲ.

"ಬೂಟು ಹೋಯ್ತು, ಗಿಡ್," ಎಂದರು. ಮೊದಲ ಸಲ ಗಿಡ್ ಎಂದದ್ದು. "ನನ್ನ ಮೇಜಲ್ಲಿ ಕೂತು ಚಹಾ ಕುಡಿದೋರಲ್ಲೇ ಯಾರೋ. ನಾಲ್ಕು ದಿನದಿಂದ ನನಗೆ ಏನನ್ನಿಸ್ತಿತ್ತು ಗೊತ್ತಾ, ಇವ್ರೆಲ್ಲ ನನ್ನನ್ನ ನೋಡೋಕೆ ಬರ್ತಿದಾರೆ ಅಂತ. ಅವ್ರು ನೋಡ್ತಿದ್ದದ್ದು ಮನೇಲಿ ಏನಿದೆ ಅಂತ."

ಆಂಬ್ರೋಸನ ಟ್ಯಾಕ್ಸಿಗೆ ನಾಳೆ ಬೆಳಗ್ಗೆಗೆ ಹೇಳಿಯಾಗಿತ್ತು. ಸಂಜೆ ಎಂಟಕ್ಕೆ ಟ್ರೂಡಿ ಫೋನ್ ಮಾಡುತ್ತಾಳೆ. ನೆಲಮಾಳಿಗೆಗೆ ಒಪ್ಪಿಕೊಳ್ಳುತ್ತೇನೆ ಎಂದರು. ಅಲ್ಲಿ ಬಾಗಿಲಿಗೆ ಬೀಗವಾದರೂ ಇದೆಯಂತೆ. ಹಾಸ್ಟೆಲಿನವರ ಮಂಚದ ಕೆಳಗೆ ನೋಡಬಹುದೇ ಎಂದು ಕೇಳಿದರು. ನೋಡಿ ಎಂದೆ. ಬೂಟುಗಳು ನಾನು ನಿಂತಿದ್ದ ಮೇಜಿನ ಒಳಬದಿಯಲ್ಲಿ ನನ್ನ ಪಾದಕ್ಕೆ ತಾಗುತ್ತಿದ್ದವು. ತೆಗೆದು ಕೊಟ್ಟುಬಿಡಲೇ ಎಂದು ಎರಡು ಸಲ ಬಗ್ಗಿದೆ. ಕೊಟ್ಟರೆ ಕಳ್ಳ ಯಾರೆಂದು ಗೊತ್ತಾಗುತ್ತಿತ್ತು, ಉಳಿದವರ ಮೇಲಿನ ಅನುಮಾನ ಹೋಗುತ್ತಿತ್ತು. ಅದು ಗೊತ್ತಿದ್ದೂ ಎರಡು ಸಲವೂ ಬರಿಗೈಯಲ್ಲಿ ಎದ್ದೆ. ಅವರು ಮಂಡಿಯೂರಿ ಎಂಟೂ ಮಂಚದ ಕೆಳಗೆ ಇಣುಕಿ ನೋಡುವಾಗ, ರೋಸೇರ್ ಕಿವಿಯ ಬಿರಡೆ ತೆಗೆದು, ಈ ಹಿರಿಯರಿಗೆ ಏನು ಕಳೆದಿದೆ ಎಂದು ನನ್ನನ್ನು ಕೇಳಿದ. ಸಂಜೆ ನಮ್ಮ ಜೊತೆ ಬಾ, ಗೊತ್ತಾಗುತ್ತದೆ ಎಂದೆ.

ಏಳು ಗಂಟೆಗೆ ನಾವು ಏಳು ಜನ ಆ ಬಾಗಿಲ ಮುಂದೆ ನಿಂತೆವು. ವರ್ಷವೆಲ್ಲ ತಟ್ಟದ ನಾವು ವೇಷ ಹಾಕಿದ ದಿನ ಮಾತ್ರ ತಟ್ಟುತ್ತೇವೆ. ಅಪರಿಚಿತರ ಹಾಗೆ ನಟಿಸಬೇಕಲ್ಲ. ಎಫ್ ಮಾವ ಊರುಗೋಲಿನಿಂದ ಧಬಧಬ ಬಡಿದ. ಒಳಗೆ ಕುರ್ಚಿ ಸರಿದ ಸದ್ದು. ಈ ಊರಿಗೆ ಬಂದು ಹನ್ನೊಂದನೇ ದಿನಕ್ಕೆ ತಮ್ಮ ಬಾಗಿಲು ತಟ್ಟುವ ಒಬ್ಬ ಸಭ್ಯ ಮನುಷ್ಯ ಬಂದನೆಂದು ಲಾರ್ನ್ ಅಂಗಿಯ ಕಾಲರು ಸರಿಪಡಿಸಿಕೊಂಡು ಬಾಗಿಲು ತೆರೆದರು. ಎದುರಿಗೆ ಏಳು ಮುಖವಿಲ್ಲದ ಆಕೃತಿಗಳು.

"ನಮ್ಮೋರಿಗೆ ಒಳಗೆ ಬರೋಕಾಗುತ್ತಾ?" ಎಂದು ಎಫ್ ಮಾವ ಉಸಿರು ಒಳಗೆಳೆದು ಕೀರಲು ದನಿಯಲ್ಲಿ ಕೇಳಿದ.

ಅವರು ಹಿಂದಕ್ಕೆ ಸರಿದರು. ಕೈ ಬಾಗಿಲಿನ ಮೇಲೆ ಅಗುಳಿ ಹುಡುಕಿತು. ನಾಲ್ಕು ತೂತು ಸಿಕ್ಕವು. ಅಷ್ಟರಲ್ಲಿ ನಾವು ಒಳಗಿದ್ದೆವು. ಮೇಜಿನ ಮೇಲೆ ಬೀಗ ಹಾಕಿದ ಚೀಲ, ಅದರ ಪಕ್ಕ ಮುಚ್ಚಿದ ಪುಸ್ತಕ. ಕೈಯಲ್ಲಿದ್ದ ಇನ್ನೊಂದು ದಿಂಬಿನ ಚೀಲದಿಂದ ಟ್ರಿಫಿ ಅತ್ತೆ ಕೇಕನ್ನೂ ಶರಬತ್ತಿನ ಬಾಟಲಿಯನ್ನೂ ತೆಗೆದು ಮೇಜಿಗಿಟ್ಟು, ಕೀರಲು ದನಿಯಲ್ಲಿ ಆಟದ ನಿಯಮ ಹೇಳಿದಳು. ಹೆಸರು ಹಿಡಿದರೆ ಮುಸುಕು ತೆಗೆಯುತ್ತೇವೆ, ನಿನ್ನ ಜೊತೆ ಕೂತು ತಿನ್ನುತ್ತೇವೆ. ಹಿಡಿಯದಿದ್ದರೆ ಹೀಗೇ ಹೊರಟುಹೋಗುತ್ತೇವೆ.

ಲಾರ್ನ್ ಅವರ ಕೈ ನಿಧಾನವಾಗಿ ಪುಸ್ತಕದ ಕಡೆ ಹೋಯಿತು.

"ಎಲ್ಲರೂ ಒಂದ್ಸಲ ಒಲೆ ತನಕ ನಡೆದು ಬನ್ನಿ," ಎಂದರು.

ನಡೆದೆವು. ಹೂವಿನ ಸ್ಕರ್ಟಿನ ಕೆಳಗಿನಿಂದ ಕೀಚ್ ಎಂದಿತು. "ಎಫ್ರಾಯಿಂ ಸ್ನೂಕ್," ಎಂದರು. ಮುಸುಕು ಎದ್ದಿತು. ಅಡುಗೆಮನೆ ಹೋ ಎಂದಿತು. ಅವರು ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿದರು. ಒಂದು. ಮಳೆಯಂಗಿ ತೊಟ್ಟ ಆಕೃತಿ ತನಗೆ ಗೊತ್ತಿಲ್ಲದೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿತ್ತು: ಬ್ಲಾಂಚ್ ಸ್ನೂಕ್. ಕೈಗವಸಿನೊಳಗೆ ಬೀಗದ ಕೈ ಗಿಲಕಿ: ಆಂಬ್ರೋಸ್ ಕೀಪಿಂಗ್. ಪರದೆಯೊಳಗಿಂದ ಪೆಪ್ಪರ್‌ಮಿಂಟಿನ ಗಾಳಿ: ಮೆಲ್ವಿನಾ ಪಡೆಸ್ಟರ್. ಅವಳ ಪಕ್ಕದ ಆಕೃತಿಯನ್ನು ಕೊಂಚ ಹೆಚ್ಚು ಹೊತ್ತು ನೋಡಿ, "ಒಳಗೆ ಬಂದೋರೆಲ್ಲ ಬಾಗಿಲಿನ ತೂತು ನೋಡಿದರು. ನೀವೊಬ್ಬರು ನೋಡಲಿಲ್ಲ. ಅಪರಾಧಿ ಆ ಕಡೆ ನೋಡೋದಿಲ್ಲ. ಟ್ರಿಫೀನಾ ಪಡೆಸ್ಟರ್," ಎಂದರು. ಅತ್ತೆ ಮುಸುಕು ತೆಗೆದು, "ಸರಿ ಮಾಡಿಸ್ತಿದೀನಿ ಬಾತುಮರಿ," ಎಂದಳು.

ಆರನೆಯವನ ಮುಂದೆ ನಿಂತು ಏನೋ ಗುಣುಗುಣು ಎಂದರು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ದಿಂಬಿನ ಚೀಲ ಮುಂದಕ್ಕೆ ಬಾಗಿ, "ಪಾರ್ದೋ?" ಎಂದಿತು.

"ಅಲ್ಲ," ಎಂದರು ಲಾರ್ನ್. "ಅದು ಕೇಳಿಸದಿದ್ದಾಗ ನೀವು ಹೇಳೋ ಮಾತು. ನೀವು ರೋಸೇರ್ ಗಾನ್ಯೋ. ಆ ಮೊಸರು ನಿಮ್ಮದೇ. ಕ್ಷಮಿಸಿ." ಪುಸ್ತಕದಲ್ಲಿ ಪಾರ್ದೋ ಪಾರ್ದೋವನ್ನು ಹೊಡೆದುಹಾಕಿದರು.

ಆರು ಜನ ಮೇಜಿನ ಸುತ್ತ ಕೂತು ಕೇಕು ತಿನ್ನುತ್ತಿದ್ದರು. ನಾನೊಬ್ಬ ಉಳಿದಿದ್ದೆ. ಮುಖಕ್ಕೆ ಪರದೆ, ಕಿವಿಯ ಮೇಲೆ ಪೆನ್ಸಿಲ್, ಮೂರು ಜೊತೆ ಕಾಲುಚೀಲ ತುರುಕಿ ಹಾಕಿಕೊಂಡ ಹಳದಿ ಬೂಟು. ಅವರು ತಿರುಗುವ ಮೊದಲೇ ನಾನು ಬಾಗಿಲಿನ ಹತ್ತಿರ ಹೋಗಿ ಇಲ್ಲದ ಅಗುಳಿಯನ್ನು ಎಳೆದೆ. ಮೂರು ಸಲ ಅಲುಗಾಡಿಸಿ ನೋಡಿದೆ. ಕೇಕಿನ ತಟ್ಟೆ ಎತ್ತಿ ಬೆಳಕಿಗೆ ಹಿಡಿದು, ಅಳತೆ ನೋಡಿ, ಉಸಿರು ಒಳಗೆಳೆದುಕೊಂಡು ಆ ಕಬ್ಬಿಣದ ಖಾನೆಯ ದನಿಯಲ್ಲಿ ಹೇಳಿದೆ:

"ನಾನು ಆರೋಪ ಮಾಡ್ತಿಲ್ಲ. ಬರ್ಕೊಳ್ತಿದ್ದೀನಿ, ಅಷ್ಟೆ."

ಬ್ಲಾಂಚ್ ಅತ್ತೆಯ ನಗು ಅರ್ಧಕ್ಕೆ ನಿಂತಿತು. ಲಾರ್ನ್ ನನ್ನ ಬೂಟು ನೋಡುತ್ತಿದ್ದರು. ಅಂದರೆ ತಮ್ಮ ಬೂಟು. ನೋಟ ಲೇಸಿನಿಂದ ಮೇಲೆ ಏರುತ್ತಾ ಪರದೆಯವರೆಗೆ ಬಂತು. ಮುಖದಲ್ಲಿ ಏನೂ ಇರಲಿಲ್ಲ. ಕಾಲೇಜಿನಲ್ಲಿ ಮೇಷ್ಟರೊಬ್ಬರ ದನಿ ಮಾಡುತ್ತಿದ್ದಾಗ ಅವರೇ ಹಿಂದೆ ಬಂದು ನಿಂತಿದ್ದರು, ಆಗಲೂ ನನ್ನ ಬೆನ್ನು ಹೀಗೆ ಬೆವರಿರಲಿಲ್ಲ. ಒಂದು ಮಾತು ಹೇಳಿ ಚೀಲ ಎತ್ತಿಕೊಂಡು ಅವರು ಹೊರಟರೆ, ಆರು ಹೆಸರಿಗೇ ಲೆಕ್ಕ ನಿಲ್ಲುತ್ತದೆ. ನೆಲಮಾಳಿಗೆಗೆ ಕಳಿಸಿದವನು ನಾನಾಗುತ್ತೇನೆ.

ಅವರು ನನ್ನ ಸುತ್ತ ಒಂದು ಸುತ್ತು ಬಂದರು.

"ಇವನನ್ನ ನಾನು ಬಲ್ಲೆ," ಎಂದರು ಮೇಜಿನವರಿಗೆ. "ಇವನು ಮೊಟ್ಟೆಯ ಮೇಲೆ ಹೆಸರು ಬರೀತಾನೆ. ಚಹಾ ಕೊಟ್ಟೋರ ಬೂಟಿನ ತೇಪೆ ಬರ್ಕೋತಾನೆ. ಇಂಥ ಅನುಮಾನದ ಪ್ರಾಣಿ ಸಸ್ಕಟೂನಲ್ಲಿ ಇನ್ನೊಬ್ಬನಿಲ್ಲ. ಲಾರ್ನ್ ಹಾವರ್‌ಕ್ಯಾಂಪ್."

ನಿಯಮದ ಪ್ರಕಾರ ನಾನೀಗ ಮುಸುಕು ತೆಗೆಯಬೇಕೋ ಬೇಡವೋ ನನಗೇ ತಿಳಿಯಲಿಲ್ಲ.

"ಸರಿಯಾ ತಪ್ಪಾ, ಹೇಳು," ಎಂದರು. "ಸರಿ ಅಂದ್ರೆ ನಾನು ನನ್ನ ಜೊತೆಗೇ ಊಟ ಮಾಡ್ದ ಹಾಗಾಯ್ತು. ಅದನ್ನ ಟ್ರೂಡಿ ಒಪ್ಪಲ್ಲ. ಐದಡಿ ಮೂರಂಗುಲದ ಲಾರ್ನ್ ಹಾವರ್‌ಕ್ಯಾಂಪನ್ನೂ ಒಪ್ಪಲ್ಲ. ನನ್ನ ಬೂಟೊಳಗೆ ಇರೋ ಕಾಲು ಯಾರದ್ದು ಅಂತ ನೀನೇ ಬಾಯಿಬಿಡು, ಗಿಡಿಯನ್ ವಾರ್ಡಿ. ಚೀಸು ತಿಂದಿದ್ದೂ ನೀನೇ ಅಂತ ನನಗೆ ಅವತ್ತೇ ಗೊತ್ತಿತ್ತು."

ಪರದೆ ಎತ್ತಿದೆ. ಅವರು ಪೆನ್ಸಿಲ್ ತೆಗೆದು ಬರೆದರು, ಏಳು. ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಲ್ಲ. ಕೆಳಗೆ ಇನ್ನೊಂದು ಸಾಲು: ಬೂಟು ಸಿಕ್ಕಿತು. ನಾನು ಕೂರಲು ಹೊರಟೆ. ಮೂರು ಜೊತೆ ಕಾಲುಚೀಲದ ಮೇಲಿದ್ದ ಆ ಬೂಟಿನಲ್ಲಿ ಎಡವಿ, ಕೇಕಿನ ತಟ್ಟೆಯ ಸಮೇತ ಎಫ್ ಮಾವನ ಹೂವಿನ ಸ್ಕರ್ಟಿನ ಮೇಲೆ ಬಿದ್ದೆ.

ಮೊದಲು ನಕ್ಕವಳು ಬ್ಲಾಂಚ್ ಅತ್ತೆ. ಆಮೇಲೆ ಎಲ್ಲರೂ. ಆ ಗದ್ದಲದ ನಡುವೆ ಒಂದು ವಿಚಿತ್ರ ಸದ್ದು ಶುರುವಾಯಿತು. ತುಕ್ಕು ಹಿಡಿದ ಅಗುಳಿಯನ್ನು ಯಾರೋ ಎಳೆದ ಹಾಗೆ ಎರಡು ಸಲ ಕಚ್ಚಿಕೊಂಡು ನಿಂತು, ಮೂರನೇ ಸಲಕ್ಕೆ ಪೂರ್ತಿ ಬಿಟ್ಟುಕೊಂಡಿತು. ಲಾರ್ನ್ ನಗುತ್ತಿದ್ದರು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ನನ್ನ ಬಾಯಿಂದ ಬಂದ ಅವರದೇ ಮಾತನ್ನು ಈಗ ಅವರು ನನ್ನ ಹಾಗೆ ಉಸಿರು ಒಳಗೆಳೆದು ಹೇಳಲು ಹೋಗಿ, ಹೇಳಲಾಗದೆ ನಗುತ್ತಿದ್ದರು.

ಎಂಟು ಹೊಡೆಯಿತು. ಮೇಜಿನ ಮೇಲಿದ್ದ ಅವರ ಫೋನು ಕರೆಯಿತು. ಎತ್ತುವ ಸ್ಥಿತಿಯಲ್ಲಿ ಅವರಿರಲಿಲ್ಲವಾದ್ದರಿಂದ ಟ್ರಿಫಿ ಅತ್ತೆ ಎತ್ತಿದಳು. ಆ ಕಡೆಯಿಂದ ಟ್ರೂಡಿ, ನೀವು ಯಾರು, ನಮ್ಮಪ್ಪ ಎಲ್ಲಿ, ಅಲ್ಲಿ ಅಷ್ಟು ಜೋರಾಗಿ ನಗುತ್ತಿರುವುದು ಯಾರು ಎಂದು ಒಂದೇ ಉಸಿರಿಗೆ ಕೇಳಿದಳು.

"ಹೆಸರು ಹಿಡಿಯೋದು ನಿನ್ನ ಸರದಿ ನನ್ನ ಬಾತುಮರಿ," ಎಂದು ಅತ್ತೆ ಫೋನನ್ನು ಲಾರ್ನ್ ಅವರ ಬಾಯಿಯ ಹತ್ತಿರ ಹಿಡಿದಳು.

ಟ್ರೂಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಗೊತ್ತಾಗುತ್ತಿಲ್ಲ, ಈ ನಗುವನ್ನು ತಾನು ಎಲ್ಲೂ ಕೇಳಿಲ್ಲ ಎಂದಳು. ಅದನ್ನು ಕೇಳಿ ಲಾರ್ನ್ ಇನ್ನಷ್ಟು ಜೋರಾಗಿ ನಕ್ಕರು. ರಸ್ತೆಯಾಚೆ ಹಾಸ್ಟೆಲಿನ ಕಿಟಕಿಯಲ್ಲಿ ಜರ್ಮನ್ ಹುಡುಗಿ ಎರಡೂ ಕಿವಿಯ ಬಿರಡೆ ತೆಗೆದು ನಿಂತು ನೋಡುವಷ್ಟು ಜೋರಾಗಿ.